ದೋಟಿ ಹಿಡಿಯುವವರ ಹೆಗಲು ನೋವು: ಎಂಆರ್‌ಐಯಲ್ಲಿ 'ಟೇರ್' ಅಂತ ಬಂದರೆ ಆಪರೇಷನ್ನೇ ಗತಿಯಾ?

#1 ಅಡಿಕೆಪಟ್ಟಿ, ಶಿರಸಿ
ಅಡಿಕೆಗೆ ಎರಡನೇ ಸುತ್ತಿನ ಕೊಳೆರೋಗದ ಔಷಧಿ ಹೊಡೆದು ಮುಗಿಯುವ ಹೊತ್ತಿಗೆ ನಮ್ಮ ಸೀಮೆಯಲ್ಲಿ ಹೆಗಲು ಹಿಡಿದುಕೊಂಡು ಓಡಾಡುವವರು ಸುಮಾರು ಜನ ಸಿಗ್ತಾರೆ. ಮೊದಲು ಮರ ಹತ್ತುವ ಕೊನೆಗೌಡರಿಗೆ ಮೊಣಕಾಲು, ಪಾದ ನೋಯ್ತಿತ್ತು. ನೆಲದಲ್ಲೇ ನಿಂತು ಔಷಧಿ ಹೊಡೆಯುವ ಉದ್ದದ ಕಾರ್ಬನ್ ಫೈಬರ್ ದೋಟಿ ಬಂದಮೇಲೆ ನೋವು ಮೇಲಕ್ಕೆ ಹತ್ತಿ ಹೆಗಲಲ್ಲಿ ಕೂತಿದೆ. ರಾತ್ರಿ ಆ ಮಗ್ಗುಲಿಗೆ ಮಲಗಲಿಕ್ಕಾಗೋದಿಲ್ಲ, ಅಂಗಿ ತೋಳು ಹಾಕುವಾಗ ಚುರ್ ಅನ್ನುತ್ತದೆ, ಅಟ್ಟದ ಮೇಲಿನ ಡಬ್ಬಿ ತೆಗೆಯಲಿಕ್ಕೆ ಕೈ ಹೋಗೋದಿಲ್ಲ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ಎಂಆರ್‌ಐ ಮಾಡಿಸಿದರೆ 'ರೋಟೇಟರ್ ಕಫ್ ಟೇರ್' ಅಂತ ಬರೆದ ಕಾಗದ ಬರುತ್ತದೆ. ಒಬ್ಬ ಡಾಕ್ಟರು ಹೊಲಿಯಬೇಕು ಅಂತಾರೆ, ಇನ್ನೊಬ್ಬರು ವ್ಯಾಯಾಮ ಸಾಕು ಅಂತಾರೆ, ಎಣ್ಣೆ ತಿಕ್ಕುವವರು ನರ ಜಾರಿದೆ ಅಂತಾರೆ. ಯಾವಾಗ ಯಾವುದು ಸರಿ? ಕೆಲಸ ಪೂರ್ತಿ ಬಿಡಬೇಕಾ? ವಿಷಯ ಗೊತ್ತಿದ್ದವರು ಬಿಡಿಸಿ ಹೇಳಿ. 'ಡಾಕ್ಟರನ್ನು ಕೇಳಿ' ಅಂತ ಮಾತ್ರ ಬರೆಯಬೇಡಿ, ಕೇಳಿಯಾಗಿದೆ, ಅದಕ್ಕೇ ಗೊಂದಲ.

#2 ಬಂದರುಬದಿ, ಕಾರವಾರ
ಹರಿದಿದೆ ಅಂತ ಚಿತ್ರದಲ್ಲೇ ಕಂಡಮೇಲೆ ಇನ್ನೆಂತ ಚರ್ಚೆ ಮಾರಾಯ್ರೆ? ಹರಿದ ಬಲೆ ಹೊಲಿಯದೆ ನೀರಿಗೆ ಬಿಟ್ಟರೆ ಮೀನು ಸಿಗ್ತದಾ?

#3 ಭುಜಂಗಾಸನ, ಕುಮಟಾ
ಬಲೆಯ ಮಾತು ಕೇಳಲಿಕ್ಕೆ ಚಂದ, ಹೆಗಲಿಗೆ ಪೂರ್ತಿ ಒಗ್ಗೋದಿಲ್ಲ. ಫಿಸಿಯೋಥೆರಪಿ ಕಡೆಯಿಂದ ಹೇಳ್ತೇನೆ.

ಸೊಂಟದ ಕೀಲು ಒರಳೊಳಗೆ ಗುಂಡು ಕೂತ ಹಾಗೆ ಆಳಕ್ಕೆ ಕೂತಿರ್ತದೆ. ಹೆಗಲಿನದ್ದು ಹಾಗಲ್ಲ. ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣಿಟ್ಟು ಓಡಿಸ್ತಾರಲ್ಲ, ಹಾಗೆ: ಗುಂಡು ದೊಡ್ಡದು, ತಟ್ಟೆ ಸಣ್ಣದು. ಆ ನಿಂಬೆಹಣ್ಣು ಉರುಳದಂತೆ ಸುತ್ತ ಹಿಡಿದಿರುವ ನಾಲ್ಕು ಸ್ನಾಯುಗಳೇ ರೋಟೇಟರ್ ಕಫ್. ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೀಸ್ ಮೈನರ್, ಮುಂದೆ ಸಬ್‌ಸ್ಕ್ಯಾಪ್ಯುಲಾರಿಸ್. ನಾಲ್ಕೂ ಬೆನ್ನ ಹಲಗೆಯಿಂದ ಹೊರಟು ರಟ್ಟೆ ಎಲುಬಿನ ತಲೆಗೆ ಅಂಟಿಕೊಳ್ಳುತ್ತವೆ.

ಕೈ ಎತ್ತುವಾಗ ಹೊರಗಿನ ದೊಡ್ಡ ಡೆಲ್ಟಾಯ್ಡ್ ಸ್ನಾಯು ಗುಂಡನ್ನೂ ಮೇಲಕ್ಕೆ ಎಳೆಯುತ್ತದೆ. ಕಫ್ ಅದೇ ಹೊತ್ತಿಗೆ ಗುಂಡನ್ನು ತಟ್ಟೆಗೆ ಒತ್ತಿ ಹಿಡಿಯಬೇಕು. ಮೇಲಿನ ಎಲುಬಿನ ಚಾವಣಿಗೂ ಗುಂಡಿಗೂ ನಡುವೆ ಇರುವ ಜಾಗ ಸುಮಾರು 1 ಸೆಂ.ಮೀ. ಸುಪ್ರಾಸ್ಪೈನೇಟಸ್‌ನ ರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು), ಅದರ ಮೇಲಿನ ಎಣ್ಣೆಚೀಲದಂಥ ಬರ್ಸಾ ಎರಡೂ ಅದರೊಳಗೇ ಹಾಯಬೇಕು. ಬೆಳಿಗ್ಗೆ ಎಂಟಕ್ಕೆ ಕಫ್‌ಗೆ ಕಸುವಿರ್ತದೆ. ಮಧ್ಯಾಹ್ನ ಮೂರಕ್ಕೆ ಅದು ದಣಿದಿರ್ತದೆ, ಡೆಲ್ಟಾಯ್ಡ್ ಗೆಲ್ತದೆ, ರಜ್ಜು ಮೇಲೆ ಒತ್ತಡ ಬೀಳ್ತದೆ. ದೋಟಿ, ಸೊಪ್ಪು ಕಡಿಯೋದು, ಚಾವಣಿಗೆ ಬಣ್ಣ ಬಳಿಯೋದು ಎಲ್ಲಕ್ಕೂ ಇದೇ ಕಥೆ.

ಇನ್ನು ಹರಿತದ ವಿಷಯ. 60 ದಾಟಿದವರ ಹೆಗಲನ್ನು ಸುಮ್ಮನೆ ಸ್ಕ್ಯಾನ್ ಮಾಡಿದರೆ ನೋವೇ ಇಲ್ಲದ ಸುಮಾರು ಜನರಲ್ಲಿ ಹರಿದದ್ದು ಕಾಣುತ್ತದೆ. ತಲೆಕೂದಲು ಬೆಳ್ಳಗಾದ ಹಾಗೆ ಅದೂ. ಆದ್ದರಿಂದ ಕಾಗದದಲ್ಲಿ 'ಟೇರ್' ಅಂತ ಕಂಡರೆ ನೋವಿಗೆ ಅದೇ ಕಾರಣ ಅಂತ ಆಗೋದಿಲ್ಲ. ಕೇಳಬೇಕಾದ್ದು ಎರಡು: ನೋವು ಹೇಗೆ ಶುರುವಾಯ್ತು, ಶಕ್ತಿ ಎಷ್ಟು ಹೋಗಿದೆ.

#4 ಎಲುಬುಗೂಡು, ಕಾರವಾರ
#3 ಸರಿ. ಆಪರೇಷನ್ ಮಾಡುವವರ ಕಡೆಯಿಂದ ಒಂದು ಗೆರೆ ಎಳೆಯಬೇಕು, ಇಲ್ಲದಿದ್ದರೆ ಎಲ್ಲರೂ ಆರು ತಿಂಗಳು ವ್ಯಾಯಾಮದ ರಬ್ಬರ್ ಪಟ್ಟಿ ಎಳೆಯುತ್ತಾ ಕೂರ್ತಾರೆ.

ಪಾಚಿಗಟ್ಟಿದ ಅಂಗಳದಲ್ಲೋ ಕಾಲುಸಂಕದ ಮೇಲೋ ಜಾರಿ ಕೈಯೂರಿ ಬಿದ್ದರು. ಅಥವಾ ದೇವಿಮನೆ ಘಟ್ಟದಲ್ಲಿ ಬಸ್ಸಿನ ಮೇಲಿನ ರಾಡ್ ಹಿಡಿದು ನಿಂತಿದ್ದಾಗ ಬ್ರೇಕ್ ಬಿದ್ದು ತೋಳು ಕಿತ್ತಂತಾಯ್ತು. ಅದಕ್ಕೆ ಮುಂಚೆ ಕೈ ಸರಿಯಾಗಿತ್ತು, ಈಗ ತಾನಾಗಿ ಏಳೋದೇ ಇಲ್ಲ. ಇದು ಸವೆತವಲ್ಲ, ಏಟು. ಒಂದೆರಡು ವಾರದೊಳಗೆ ಪರೀಕ್ಷೆ, ಸ್ಕ್ಯಾನ್ ಆಗಬೇಕು. ಪೂರ್ತಿ ದಪ್ಪಕ್ಕೆ ಹರಿದಿದ್ದರೆ ಹೊಲಿಗೆಯ ಮಾತು ವಾರಗಳ ಲೆಕ್ಕದಲ್ಲಿ ಆಗಬೇಕು, ಮೂರು ತಿಂಗಳು ದಾಟಿಸಬಾರದು. ತಡವಾದಷ್ಟು ರಜ್ಜು ಒಳಕ್ಕೆ ಸೇದಿಕೊಳ್ಳುತ್ತದೆ, ಸ್ನಾಯು ಬತ್ತಿ ಆ ಜಾಗಕ್ಕೆ ಕೊಬ್ಬು ತುಂಬುತ್ತದೆ. ತುಂಬಿದ ಕೊಬ್ಬು ಹೊಲಿದ ಮೇಲೂ ವಾಪಸ್ ಸ್ನಾಯು ಆಗೋದಿಲ್ಲ.

#2ರವರ ಬಲೆಯನ್ನೇ ತೆಗೆದುಕೊಳ್ಳೋಣ. ಹೊಸ ಬಲೆ ಮೊಳೆಗೆ ಸಿಕ್ಕಿ ಹರಿದರೆ ಹೊಲಿಗೆ ನಿಲ್ತದೆ. ಬಿಸಿಲು ಉಪ್ಪು ತಿಂದು ಲಡ್ಡಾದ ಬಲೆಗೆ ಹೊಲಿಗೆ ಹಾಕಿದರೆ ಪಕ್ಕದಲ್ಲೇ ಕಿತ್ತುಕೊಂಡು ಬರ್ತದೆ.

#5 ಬಂದರುಬದಿ, ಕಾರವಾರ
ಅಲ್ಲಿಗೆ ಬಲೆಯ ಮಾತು ಅಷ್ಟೇನೂ ತಪ್ಪಲ್ಲ ಅಂತಾಯ್ತು 😄

#6 ನೆರಳುಚಿತ್ರ, ಹೊನ್ನಾವರ
ಸ್ಕ್ಯಾನ್ ವಿಷಯ. ಎಲ್ಲರೂ ನೇರ ಎಂಆರ್‌ಐಗೆ ಹಾರಬೇಕಾಗಿಲ್ಲ. ಎಕ್ಸ್‌ರೇಯಲ್ಲಿ ರಜ್ಜು ಕಾಣೋದಿಲ್ಲ ನಿಜ, ಆದರೆ ಸುಣ್ಣ ಕಟ್ಟಿದ್ದು, ಕೀಲು ಸವೆದದ್ದು, ಸಣ್ಣ ಬಿರುಕು ಕಾಣ್ತದೆ. ಗುಂಡಿಗೂ ಮೇಲಿನ ಎಲುಬಿಗೂ ನಡುವಿನ ಅಂತರ 7 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಹಳೆಯ, ದೊಡ್ಡ ಹರಿತ ಇರುವ ಸಾಧ್ಯತೆ ಹೆಚ್ಚು. ಪೂರ್ತಿ ದಪ್ಪದ ಹರಿತ ಹುಡುಕಲು ಅಲ್ಟ್ರಾಸೌಂಡ್ ಎಂಆರ್‌ಐಗೆ ಹತ್ತಿರ ಹತ್ತಿರ ಬರ್ತದೆ. ಷರತ್ತು ಒಂದೇ: ಮಾಡುವವರಿಗೆ ಹೆಗಲು ನೋಡುವ ಕೈ ಪಳಗಿರಬೇಕು. ಬಸುರಿಯರ ಸ್ಕ್ಯಾನ್ ಮಾತ್ರ ಮಾಡುವ ಕಡೆ ಹೆಗಲು ತೋರಿಸಿ ಪ್ರಯೋಜನವಿಲ್ಲ.

ಎಂಆರ್‌ಐ ಬೇಕಾಗೋದು ಹೊಲಿಗೆ ಹಾಕುವ ಯೋಚನೆ ಇದ್ದಾಗ. ವರದಿಯಲ್ಲಿ ಮೂರು ಸಂಗತಿ ನೋಡಿ: ಹರಿತ ಅರ್ಧ ದಪ್ಪದ್ದಾ ಪೂರ್ತಿಯದ್ದಾ, ರಜ್ಜು ಎಷ್ಟು ಹಿಂದೆ ಸರಿದಿದೆ, ಗುಟಾಲಿಯೇ ಶ್ರೇಣಿ ಎಷ್ಟು. ಸ್ನಾಯುವಿನಲ್ಲಿ ಕೊಬ್ಬು ಎಷ್ಟು ತುಂಬಿದೆ ಅನ್ನುವ ಈ ಶ್ರೇಣಿ 0ಯಿಂದ 4ರವರೆಗೆ. 2 ಅಂದರೆ ಸ್ನಾಯುವಿಗಿಂತ ಕೊಬ್ಬು ಕಡಿಮೆ, 3 ಅಂದರೆ ಸಮ, 4 ಅಂದರೆ ಕೊಬ್ಬೇ ಜಾಸ್ತಿ.

#7 ಒಗ್ಗರಣೆ, ಅಂಕೋಲಾ
ಹೆಗಲಲ್ಲೂ ಕೊಬ್ಬಾ! ಹೊಟ್ಟೆಯಲ್ಲಿ ಜಾಗ ಸಾಲಲಿಲ್ಲವಾ.

#8 ಗೇರುಬೀಜ, ಹೊನ್ನಾವರ
ಕೈ ಮೇಲೇಳದಿದ್ದರೆ ಅದು ಕೀಲು ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಅಲ್ವಾ? ಸಕ್ಕರೆ ಕಾಯಿಲೆಯವರಿಗೆಲ್ಲ ಅದೇ ಅಂತ ಹೇಳ್ತಾರೆ.

#9 ಭುಜಂಗಾಸನ, ಕುಮಟಾ
ತಪ್ಪಾಗೋದು ಇಲ್ಲೇ, ಚಿಕಿತ್ಸೆ ದಾರಿ ತಪ್ಪೋದೂ ಇಲ್ಲೇ. ಗುರುತಿಸುವ ಬಗೆ ಸುಲಭ. ರೋಗಿ ಕೈ ಸಡಿಲ ಬಿಡಲಿ, ಇನ್ನೊಬ್ಬರು ನಿಧಾನ ಎತ್ತಲಿ. ಎತ್ತುವವರ ಕೈಗೂ ಗೋಡೆಗೆ ತಾಗಿದ ಹಾಗೆ ಗಟ್ಟಿಯಾಗಿ ನಿಂತರೆ ಫ್ರೋಜನ್. ಇನ್ನೂ ನಿಖರ ಬೇಕಾದರೆ, ಮೊಣಕೈ ಪಕ್ಕೆಗೆ ಅಂಟಿಸಿ 90 ಡಿಗ್ರಿ ಮಡಚಿ ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಕ್ಕೆ ತಿರುಗಿಸಿ. ಫ್ರೋಜನ್‌ನಲ್ಲಿ ಈ ತಿರುಗಾಟವೇ ಮೊದಲು ಹೋಗ್ತದೆ. ಕಫ್‌ ಏಟಿನಲ್ಲಿ ಇನ್ನೊಬ್ಬರು ಎತ್ತಿದರೆ ಕೈ ಏಳ್ತದೆ, ತಾನಾಗಿ ಎತ್ತುವಾಗ ಮಾತ್ರ ನೋವು ಅಥವಾ ಸೋಲು.

ಕಫ್‌ಗೆ ಮನೆಯಲ್ಲೇ ನೋಡಬಹುದಾದ್ದು:
ಕೈಯನ್ನು ಪಕ್ಕದಿಂದ ಮೇಲೆತ್ತುತ್ತಾ ಹೋದಾಗ ಸುಮಾರು 60ರಿಂದ 120 ಡಿಗ್ರಿ ನಡುವೆ ನೋವು ಬಂದು, ಅದಕ್ಕೂ ಮೇಲೆ ಕಡಿಮೆಯಾದರೆ ಚಾವಣಿಯಡಿಯ ಒತ್ತಡದ ಗುರುತು.
ಬೇರೆಯವರು ಕೈಯನ್ನು ಹೆಗಲಮಟ್ಟಕ್ಕೆ ಎತ್ತಿಟ್ಟು ಬಿಟ್ಟಾಗ ನಿಧಾನ ಇಳಿಸಲಾಗದೆ ದೊಪ್ಪನೆ ಬಿದ್ದರೆ ಸುಪ್ರಾಸ್ಪೈನೇಟಸ್ ದೊಡ್ಡದಾಗಿ ಹರಿದಿರಬಹುದು.
ಮುಂಗೈಯನ್ನು ಹೊರಕ್ಕೆ ತಿರುಗಿಸಿಟ್ಟು ಬಿಟ್ಟಾಗ ಅದು ತಾನೇ ಒಳಕ್ಕೆ ಮರಳಿದರೆ ಹಿಂದಿನವು ಸೋತಿವೆ.
ಅಂಗೈಯನ್ನು ಹೊಟ್ಟೆಗೆ ಒತ್ತಿದಾಗ ಮೊಣಕೈ ಹಿಂದಕ್ಕೆ ಜಾರಿದರೆ ಮುಂದಿನದ್ದು.

ಒಂದೇ ಪರೀಕ್ಷೆ ನಂಬಬೇಡಿ. ನೋವಿಗೆ ಕೈ ಸೋತದ್ದು ಬೇರೆ, ಶಕ್ತಿಯೇ ಇಲ್ಲದ್ದು ಬೇರೆ.

#10 ಎಲುಬುಗೂಡು, ಕಾರವಾರ
ಇದಕ್ಕೆ ಸೇರಿಸಿ: ನೋವು ಮೊಣಕೈ ದಾಟಿ ಬೆರಳವರೆಗೆ ಜೋಮು ಹಿಡಿದರೆ, ಕುತ್ತಿಗೆ ತಿರುಗಿಸಿದಾಗ ಹೆಚ್ಚಾದರೆ ಮೂಲ ಕುತ್ತಿಗೆಯಲ್ಲಿರಬಹುದು. ಕಫ್ ನೋವು ಹೆಚ್ಚಾಗಿ ರಟ್ಟೆಯ ಹೊರಬದಿಯಲ್ಲಿ ನಿಲ್ತದೆ. ಎಡ ಹೆಗಲ ನೋವಿನ ಜೊತೆ ಎದೆ ಬಿಗಿತ, ಬೆವರು, ಉಬ್ಬಸ ಇದ್ದರೆ ಈ ಚರ್ಚೆ ಓದುತ್ತಾ ಕೂರಬೇಡಿ, ಆಂಬುಲೆನ್ಸ್‌ಗೆ 108 ಒತ್ತಿ. ಜ್ವರದ ಜೊತೆ ಕೀಲು ಕೆಂಪಾಗಿ ಬಿಸಿಯಾದರೆ ಅವತ್ತೇ ಆಸ್ಪತ್ರೆ. 40 ದಾಟಿದವರ ಹೆಗಲು ಕೀಲು ತಪ್ಪಿ, ಕೂರಿಸಿದ ಮೇಲೂ ಕೈ ಏಳದಿದ್ದರೆ ಕಫ್ ಹರಿದಿದೆಯಾ, ನರಕ್ಕೆ ಏಟಾಗಿದೆಯಾ ಎರಡನ್ನೂ ನೋಡಲೇಬೇಕು.

#11 ಬೇರುನಾರು, ಯಲ್ಲಾಪುರ
ಇಷ್ಟೆಲ್ಲ ಕಟ್ಟಿ ಬಿಚ್ಚುವ ಬದಲು ಬಿಸಿ ಎಣ್ಣೆ ಹಾಕಿ ಎಳೆದು ಕೂರಿಸಿದರೆ ಎಷ್ಟೋ ಜನಕ್ಕೆ ಗುಣವಾಗಿದೆ. ನಾಟಿ ವೈದ್ಯ ಅಂದ ಕೂಡಲೇ ಎಲ್ಲರಿಗೂ ಅಸಡ್ಡೆ.

#12 ಭುಜಂಗಾಸನ, ಕುಮಟಾ
ಅಸಡ್ಡೆ ಇಲ್ಲ. ಬಿಸಿ ಎಣ್ಣೆ, ಬಿಸಿನೀರ ಶಾಖ, ಕುತ್ತಿಗೆ ಬೆನ್ನಿನ ಬಿಗಿದ ಸ್ನಾಯು ತಿಕ್ಕೋದು, ಇದರಿಂದ ಒಂದೆರಡು ತಾಸು ಹಗುರಾಗ್ತದೆ, ರಾತ್ರಿ ನಿದ್ದೆ ಬರ್ತದೆ. ಮಾಡಿಕೊಳ್ಳಿ. ಬೇಡ ಅನ್ನೋದು ಆ 'ಎಳೆದು ಕೂರಿಸೋದ'ಕ್ಕೆ. ಜಾರಿದ್ದು ಏನೂ ಇಲ್ಲ, ಹಾಗಾಗಿ ಕೂರಿಸಲಿಕ್ಕೂ ಏನಿಲ್ಲ. ಅರ್ಧ ಹರಿದ ರಜ್ಜು ಇರುವ ಕೈಯನ್ನು ಕಂಕುಳಲ್ಲಿ ಕಾಲಿಟ್ಟು ಜಗ್ಗಿದರೆ ಅದು ಪೂರ್ತಿ ಹರಿಯಬಹುದು. ವಯಸ್ಸಾದವರಲ್ಲಿ ಎಲುಬೇ ಮುರಿದೀತು.

#13 ಅಡಿಕೆಪಟ್ಟಿ, ಶಿರಸಿ
ಸರಿ, ಬೀಳದೆ ನಿಧಾನಕ್ಕೆ ಬಂದ ನೋವು ಅಂತಲೇ ಇಟ್ಟುಕೊಳ್ಳಿ. ವ್ಯಾಯಾಮ ಅಂದರೆ ಯಾವುದು, ಎಷ್ಟು? 'ಗೋಡೆ ಮೇಲೆ ಬೆರಳು ಹತ್ತಿಸಿ' ಅನ್ನುವ ಒಂದು ಜೆರಾಕ್ಸ್ ಹಾಳೆ ಎಲ್ಲರಿಗೂ ಕೊಡ್ತಾರೆ.

#14 ಭುಜಂಗಾಸನ, ಕುಮಟಾ
ಗೋಡೆ ಹತ್ತಿಸೋದು ಚಲನೆಗೆ. ರಜ್ಜು ಗಟ್ಟಿಯಾಗೋದು ಭಾರ ಹೊತ್ತಾಗ.

ಮೊದಲ ಎರಡು ವಾರ: ತಲೆಗಿಂತ ಮೇಲಿನ ಕೆಲಸ ನಿಲ್ಲಿಸಿ, ಕೈ ಪೂರ್ತಿ ಕಟ್ಟಿಡಬೇಡಿ. ಮೇಜಿಗೆ ಒಂದು ಕೈ ಊರಿ ಬಗ್ಗಿ, ನೋವಿನ ಕೈ ಜೋಲುಬಿಟ್ಟು ಗಡಿಯಾರದ ಲೋಲಕದಂತೆ ಒಂದೆರಡು ನಿಮಿಷ ತೂಗಿ, ದಿನಕ್ಕೆ 3 ಸಲ. ತೂಗಬೇಕಾದ್ದು ಸೊಂಟದಿಂದ, ಹೆಗಲ ಬಲದಿಂದಲ್ಲ. ಜೊತೆಗೆ ಮೊಣಕೈ ಮಡಚಿ ಪಕ್ಕೆಗಿಟ್ಟು ಮುಂಗೈಯ ಹೊರಬದಿಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ. ಕೈ ಅಲುಗಬಾರದು, ಅರ್ಧ ಬಲ ಸಾಕು. 30 ಸೆಕೆಂಡಿನಂತೆ 5 ಸಲ.

ಆಮೇಲೆ ರಬ್ಬರ್ ಪಟ್ಟಿ. ಪಟ್ಟಿ ಸಿಗದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಕಿಟಕಿಯ ಸರಳಿಗೆ ಮೊಣಕೈ ಎತ್ತರದಲ್ಲಿ ಕಟ್ಟಿ. ಕಂಕುಳಿಗೆ ಮಡಿಸಿದ ಟವೆಲ್ ಇಟ್ಟು ಮುಂಗೈ ಹೊರಕ್ಕೆ ಎಳೆಯಿರಿ. 2 ಸೆಕೆಂಡಿನಲ್ಲಿ ಹೊರಗೆ, 4 ಸೆಕೆಂಡಿನಲ್ಲಿ ನಿಧಾನ ಒಳಗೆ. 10ರಿಂದ 15 ಸಲ, 3 ಸುತ್ತು, ದಿನ ಬಿಟ್ಟು ದಿನ. ಅದೇ ಲೆಕ್ಕದಲ್ಲಿ ಒಳಕ್ಕೆ ಎಳೆಯೋದು, ಎರಡೂ ಕೈಯಲ್ಲಿ ಪಟ್ಟಿ ಹಿಡಿದು ದೋಣಿ ಹುಟ್ಟು ಹಾಕಿದ ಹಾಗೆ ಹಿಂದಕ್ಕೆ ಎಳೆಯೋದು. ಟವೆಲ್ ಕೆಳಗೆ ಬಿತ್ತು ಅಂದರೆ ಮೊಣಕೈ ಪಕ್ಕೆ ಬಿಟ್ಟಿದೆ, ಕೆಲಸ ಡೆಲ್ಟಾಯ್ಡ್ ಕದ್ದಿದೆ ಅಂತ ಅರ್ಥ.

ಸುಮಾರು ಆರನೇ ವಾರಕ್ಕೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಹೆಬ್ಬೆರಳು ಮೇಲೆ ಮಾಡಿ, ಕೈಯನ್ನು ಸ್ವಲ್ಪ ಓರೆಯಾಗಿ ಹೆಗಲಮಟ್ಟಕ್ಕೆ ಮಾತ್ರ ಎತ್ತಿ. ಹೆಬ್ಬೆರಳು ಕೆಳಗೆ ಮಾಡಿ ಎತ್ತುವುದನ್ನು ಕೆಲವರು ಇನ್ನೂ ಹೇಳಿಕೊಡ್ತಾರೆ. ಅದು ಪರೀಕ್ಷೆ, ವ್ಯಾಯಾಮವಲ್ಲ. ನೋವು ಕೆರಳಿಸ್ತದೆ, ಅಷ್ಟೇ.

ನೋವಿನ ಅಳತೆ: ಹತ್ತಕ್ಕೆ ಮೂರು ನಾಲ್ಕರವರೆಗೆ ಇರಲಿ, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಪಟ್ಟಿ ತೆಳುವಾಗಲಿ. ಹೀಗೆ 12 ವಾರ. ಮೂರನೇ ವಾರಕ್ಕೆ 'ಏನೂ ಆಗಲಿಲ್ಲ' ಅಂತ ಬಿಡುವವರೇ ಜಾಸ್ತಿ.

#15 ಘಟ್ಟದದಾರಿ, ಸಿದ್ದಾಪುರ
ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಅಂತ ಪೇಟೆಗೆ ಹೋದರೆ ಆ ದಿನದ ಕೂಲಿಯೂ ಹೋಯ್ತು, ಬಸ್ ಚಾರ್ಜೂ ಹೋಯ್ತು. ಹಳ್ಳಿಯವರಿಗೆ ಇದೆಲ್ಲ ಆಗೋ ಮಾತಾ?

#16 ಭುಜಂಗಾಸನ, ಕುಮಟಾ
ಹೋಗಲೇಬೇಕು ಅಂತಿಲ್ಲ, ನಮ್ಮ ಹೊಟ್ಟೆಪಾಡಿಗೆ ಕಲ್ಲು ಹಾಕಿಕೊಂಡೇ ಹೇಳ್ತೇನೆ. ಬ್ರಿಟನ್ನಿನಲ್ಲಿ 708 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಗ್ರಾಸ್ಪ್ ಅನ್ನುವ ಪ್ರಯೋಗ ಇದನ್ನೇ ನೋಡಿತು. ಕೆಲವರಿಗೆ ಆರು ಭೇಟಿಯವರೆಗೆ ವ್ಯಾಯಾಮ, ಉಳಿದವರಿಗೆ ಒಂದೇ ಭೇಟಿಯಲ್ಲಿ ಸರಿಯಾಗಿ ಕಲಿಸಿ ಮನೆಗೆ ಕಳಿಸಿದ್ದು. ವರ್ಷದ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ಸಲ ಹೋಗಿ ಸರಿಯಾಗಿ ಕಲಿತು ಬನ್ನಿ, ಉಳಿದದ್ದು ಜಗುಲಿಯಲ್ಲಿ.

#17 ಗೇರುಬೀಜ, ಹೊನ್ನಾವರ
ಇಂಜೆಕ್ಷನ್? ಒಂದು ಚುಚ್ಚಿದರೆ ಮರುದಿನವೇ ದೋಟಿ ಹಿಡಿಯಬಹುದು ಅಂತಾರೆ.

#18 ಎಲುಬುಗೂಡು, ಕಾರವಾರ
ಅಪಾಯ ಇರೋದೇ ಆ ಮರುದಿನದಲ್ಲಿ. ಸ್ಟೆರಾಯ್ಡ್ ನೋವು ಇಳಿಸ್ತದೆ, ರಜ್ಜು ಹೊಲಿಯೋದಿಲ್ಲ. ಮೇಲಿನ ಪ್ರಯೋಗದಲ್ಲೂ ಇಂಜೆಕ್ಷನ್ನಿನ ಸಣ್ಣ ಲಾಭ ಎಂಟು ವಾರದಲ್ಲಿ ಕಂಡಿತು, ವರ್ಷಕ್ಕೆ ಉಳಿಯಲಿಲ್ಲ. ನಿದ್ದೆಯೇ ಇಲ್ಲದಷ್ಟು ನೋವಿದ್ದು ವ್ಯಾಯಾಮ ಶುರು ಮಾಡಲಿಕ್ಕೇ ಆಗದವರಿಗೆ ಒಂದು ಕೊಡಬಹುದು. ಕೊಟ್ಟಮೇಲೆ ಒಂದೆರಡು ವಾರ ಭಾರದ ಕೆಲಸ ಬೇಡ. ಪದೇ ಪದೇ ಚುಚ್ಚಿದರೆ ರಜ್ಜು ಮೆತ್ತಗಾಗ್ತದೆ. ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಸಕ್ಕರೆ ಏರ್ತದೆ, ಮನೆಯಲ್ಲೇ ಪರೀಕ್ಷಿಸಿಕೊಳ್ಳಿ. ಆಪರೇಷನ್ ನಿಗದಿಯಾಗಿದ್ದರೆ ಅದರ ಹಿಂದಿನ ತಿಂಗಳು ಇಂಜೆಕ್ಷನ್ ಬೇಡ, ಸೋಂಕಿನ ಭಯ.

ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ತಿಂಗಳುಗಟ್ಟಲೆ ನುಂಗುವವರಿಗೂ ಒಂದು ಮಾತು. ಬಿಪಿ, ಮೂತ್ರಪಿಂಡ, ಹೊಟ್ಟೆಹುಣ್ಣು ಇದ್ದವರಿಗೆ ಅದು ಹೆಗಲಿಗಿಂತ ದೊಡ್ಡ ತಾಪತ್ರಯ ತರ್ತದೆ.

#19 ಬಂದರುಬದಿ, ಕಾರವಾರ
ದುರ್ಬೀನು ಹಾಕಿ ಎಲುಬು ಉಜ್ಜಿ ಜಾಗ ಮಾಡ್ತಾರಂತಲ್ಲ, ಅದು?

#20 ಎಲುಬುಗೂಡು, ಕಾರವಾರ
ಚಾವಣಿ ಎಲುಬಿನ ಅಡಿ ಕೆತ್ತೋದು. 1972ರಲ್ಲಿ ನೀರ್ ಅನ್ನುವ ಅಮೆರಿಕದ ಶಸ್ತ್ರವೈದ್ಯರು ಬರೆದ ಮೇಲೆ ಜಗತ್ತಿನಲ್ಲೆಲ್ಲ ನಡೆಯಿತು. ಬ್ರಿಟನ್ನಿನ ಸಿಸಾ ಪ್ರಯೋಗದಲ್ಲಿ ಕೆಲವರಿಗೆ ಎಲುಬು ಕೆತ್ತಿದರು, ಕೆಲವರಿಗೆ ದುರ್ಬೀನು ಮಾತ್ರ ಹಾಕಿ ಏನೂ ಕೆತ್ತದೆ ತೆಗೆದರು. 2018ರಲ್ಲಿ ಫಲಿತಾಂಶ ಬಂತು: ಇಬ್ಬರ ನೋವೂ ಹೆಚ್ಚುಕಡಿಮೆ ಒಂದೇ ಥರ ಇಳಿದಿತ್ತು. ನೆನಪಿಡಿ, ಅದರಲ್ಲಿದ್ದದ್ದು ರಜ್ಜು ಪೂರ್ತಿ ಹರಿಯದವರು. ಹೊಲಿಗೆಯ ಆಪರೇಷನ್ ಬೇರೆ, ಎರಡನ್ನೂ ಒಂದೇ ಮಾಡಬೇಡಿ.

ಬೀಳದೆ ನಿಧಾನಕ್ಕೆ ಪೂರ್ತಿ ಹರಿದವರ ಬಗ್ಗೆಯೂ ಲೆಕ್ಕ ಇದೆ. ಅಮೆರಿಕದಲ್ಲಿ ಅಂಥ 452 ಜನರಿಗೆ ಮೊದಲು ವ್ಯಾಯಾಮವನ್ನೇ ಕೊಟ್ಟರು, 2013ರಲ್ಲಿ ಪ್ರಕಟವಾಯಿತು. ಎರಡು ವರ್ಷದಲ್ಲಿ ಆಪರೇಷನ್ನಿಗೆ ಹೋದವರು ಕಾಲುಭಾಗಕ್ಕಿಂತ ಕಡಿಮೆ.

#21 ಹಾಳೆಟೊಪ್ಪಿ, ಸಿದ್ದಾಪುರ
ಎಲ್ಲರೂ ಹೆಗಲಿನ ಬಗ್ಗೆಯೇ ಬರೆದಿರಿ, ದೋಟಿಯ ಬಗ್ಗೆ ಯಾರೂ ಬರೆಯಲಿಲ್ಲ. ಔಷಧಿ ಹೊಡೆಯುವಾಗ ಭಾರ ಬರೀ ದೋಟಿಯದ್ದಲ್ಲ, ಜೊತೆಗೆ ಎತ್ತುವ ಪೈಪಿನದ್ದೂ. ಒಳವ್ಯಾಸ 10 ಮಿ.ಮೀ. ಇದ್ದರೆ ಮೀಟರಿಗೆ 78 ಮಿ.ಲೀ. ದ್ರಾವಣ ತುಂಬ್ತದೆ. 15 ಮೀಟರ್ ಎತ್ತರಕ್ಕೆ ಹತ್ತಿರ ಹತ್ತಿರ 1.2 ಲೀಟರ್. ಅದೇ 8 ಮಿ.ಮೀ. ಪೈಪಾದರೆ ಮುಕ್ಕಾಲು ಲೀಟರ್. ನಾನೂರು ಗ್ರಾಂಗಿಂತ ಹೆಚ್ಚು ಉಳಿಯಿತು, ದಿನವಿಡೀ.

#22 ಅಡಿಕೆಪಟ್ಟಿ, ಶಿರಸಿ
8ಕ್ಕೆ ಇಳಿಸಿದರೆ ತುದಿಯಲ್ಲಿ ಒತ್ತಡ ಬೀಳ್ತದೆ, ಅಡಿಕೆ ಗೊನೆಗೆ ಹನಿ ತಾಗೋದಿಲ್ಲ.

#23 ಹಾಳೆಟೊಪ್ಪಿ, ಸಿದ್ದಾಪುರ
ಪಂಪಿನಿಂದ ಮರದ ಬುಡದವರೆಗೆ ದಪ್ಪ ಪೈಪು, ದೋಟಿಯ ಜೊತೆ ಹೋಗುವ ತುಂಡು ಮಾತ್ರ ಸಣ್ಣದು. ಒತ್ತಡ ತೀರಾ ಬೀಳೋದಿಲ್ಲ. ಮೈಲುತುತ್ತ ಸುಣ್ಣ ಸೋಸದೆ ಹಾಕಿದರೆ ನಳಿಗೆ ಕಟ್ಟುತ್ತದೆ, ಆಗ ದೋಟಿ ಇಳಿಸಿ ಮತ್ತೆ ಏರಿಸೋದು. ಹೆಗಲು ಹೋಗೋದು ಆ ಏರಿಳಿತದಲ್ಲಿ. ಬಟ್ಟೆಯಲ್ಲಿ ಎರಡು ಸಲ ಸೋಸಿ.

ಇನ್ನೊಂದು: ಮರದಿಂದ ದೂರ ನಿಂತು ದೋಟಿ ಓರೆ ಮಾಡಿದಷ್ಟೂ ಕೈಗೆ ಬೀಳುವ ಹೊರೆ ಹೆಚ್ಚು. ನೆಟ್ಟಗೆ ಹಿಡಿದರೆ ಕಡಿಮೆ.

#24 ಭುಜಂಗಾಸನ, ಕುಮಟಾ
ನೆಟ್ಟಗೆ ಹಿಡಿಯಲಿಕ್ಕೆ ಬುಡದಲ್ಲೇ ನಿಂತರೆ ಕುತ್ತಿಗೆ ಪೂರ್ತಿ ಹಿಂದಕ್ಕೆ ವಾಲ್ತದೆ, ಔಷಧಿ ಕಣ್ಣಿಗೆ ಬೀಳ್ತದೆ. ಎರಡು ಹೆಜ್ಜೆ ಆಚೆ ನಿಂತು, ದೋಟಿಯ ಬುಡವನ್ನು ಸೊಂಟಪಟ್ಟಿಯ ಚೀಲಕ್ಕೆ ಕೊಡಿ. ಮೆರವಣಿಗೆಯಲ್ಲಿ ಧ್ವಜ ಹಿಡಿಯುವವರು ಕಟ್ಟಿಕೊಳ್ತಾರಲ್ಲ, ಅಂಥದ್ದು. ಭಾರ ಸೊಂಟಕ್ಕೆ ಹೋಗ್ತದೆ, ಕೈ ದಾರಿ ತೋರಿಸಲಿಕ್ಕೆ ಮಾತ್ರ. ಮೇಲಿನ ಕೈ ಹಣೆಯ ಮಟ್ಟ ದಾಟಬಾರದು. 20 ನಿಮಿಷಕ್ಕೊಮ್ಮೆ ಕೈ ಅದಲುಬದಲು. ಇಬ್ಬರಿದ್ದರೆ ಆಳು ಅದಲುಬದಲು.

#25 ಒಗ್ಗರಣೆ, ಅಂಕೋಲಾ
ಇಬ್ಬರು ಆಳು ಸಿಕ್ಕರೆ ಹೆಗಲು ನೋವು ಆಮೇಲಿನ ಮಾತು, ಮೊದಲು ಊರಿಗೆಲ್ಲ ಪಾಯಸ ಹಂಚ್ತಾರೆ.

#26 ಬಂದರುಬದಿ, ಕಾರವಾರ
ದಡದಿಂದ ಹಗ್ಗ ಹಿಡಿದು ರಂಪಣಿ ಬಲೆ ಎಳೆಯುವವರಿಗೆ ಇದು ಅಷ್ಟಾಗಿ ಬರೋದಿಲ್ಲ, ಬೀಸುಬಲೆಯವರಿಗೇ ಜಾಸ್ತಿ ಅಂತ ದಡದಲ್ಲಿ ಹೇಳ್ತಾರೆ. ಯಾಕೆ?

#27 ಭುಜಂಗಾಸನ, ಕುಮಟಾ
ಹಗ್ಗ ಎಳೆಯುವಾಗ ಕೈ ಎದೆಗಿಂತ ಕೆಳಗೆ, ಬಲ ಕಾಲು ಬೆನ್ನಿನದ್ದು. ಬೀಸುಬಲೆ ಒದ್ದೆಯ ಭಾರ, ಮೇಲಿಂದ ತಿರುಗಿಸಿ ಎಸೆಯೋದು, ಎಸೆದ ಕೈಯನ್ನು ತಡೆದು ನಿಲ್ಲಿಸಬೇಕಾದ್ದು ಹಿಂದಿನ ಕಫ್. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರಿಗೂ ಹೀಗೇ, ಮೊಣಕೈ ಕೆಳಗಿರುವುದರಿಂದ ಹೆಗಲಿಗಿಂತ ಮಣಿಕಟ್ಟು, ಕುತ್ತಿಗೆ ಮೊದಲು ನೋಯ್ತದೆ. ಹಾಗಾಗಿ #1ರ 'ಕೆಲಸ ಪೂರ್ತಿ ಬಿಡಬೇಕಾ' ಅನ್ನೋದಕ್ಕೆ ಉತ್ತರ: ದೋಟಿ ಬಿಡಿ, ಸುಲಿಯೋದು ಬಿಡಬೇಡಿ.

#28 ಗೇರುಬೀಜ, ಹೊನ್ನಾವರ
ಮಲಗೋದು ಹೇಗೆ ಅಂತ ಯಾರೂ ಹೇಳಲಿಲ್ಲ.

#29 ಭುಜಂಗಾಸನ, ಕುಮಟಾ
ಒಳ್ಳೆ ಮಗ್ಗುಲಿಗೆ ಮಲಗಿ ಎದೆಯ ಮುಂದೆ ದಿಂಬಿಟ್ಟು ನೋವಿನ ಕೈಯನ್ನು ಅದರ ಮೇಲೆ. ಅಂಗಾತ ಮಲಗಿದರೆ ಮೊಣಕೈ ಕೆಳಗೆ ಮಡಿಸಿದ ಕಂಬಳಿ, ಕೈ ಹಿಂದಕ್ಕೆ ಜೋಲಬಾರದು. ತಲೆಯಡಿ ಕೈ ಕೊಟ್ಟು ಮಲಗುವ ಅಭ್ಯಾಸ ಬಿಡಿ.

#30 ಘಟ್ಟದದಾರಿ, ಸಿದ್ದಾಪುರ
ಹೊಲಿಗೆ ಹಾಕಿಸಿಕೊಂಡರೆ ತೋಟಕ್ಕೆ ಯಾವಾಗ?

#31 ಎಲುಬುಗೂಡು, ಕಾರವಾರ
4ರಿಂದ 6 ವಾರ ಕೈ ಜೋಳಿಗೆಯಲ್ಲಿ. ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡಿಸಬೇಕು. ಹೆಗಲನ್ನು ಬೇರೆಯವರು ಆಡಿಸಬೇಕು, ತಾನಾಗಿ ಎತ್ತೋದು ಆರು ವಾರದ ಮೇಲೆ. ರಬ್ಬರ್ ಪಟ್ಟಿ ಸುಮಾರು 12ನೇ ವಾರಕ್ಕೆ. ಭಾರದ ಕೆಲಸ ಆರು ತಿಂಗಳು ಅಂತ ಇಟ್ಟುಕೊಳ್ಳಿ. ಹೊಲಿಗೆ ಬಿಡೋದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, 'ನೋವಿಲ್ಲ, ಕೊಡಪಾನ ಎತ್ತೋಣ' ಅಂದಾಗ. ನೋವಿಲ್ಲ ಅಂದರೆ ರಜ್ಜು ಎಲುಬಿಗೆ ಅಂಟಿತು ಅಂತಲ್ಲ. ಬೀಡಿ ಸೇದುವವರಲ್ಲಿ ಅಂಟೋದು ಇನ್ನೂ ನಿಧಾನ. ಹಾಗಾಗಿ ದಿನ ಗೊತ್ತು ಮಾಡುವಾಗ ಕೊಯ್ಲಿನ ಲೆಕ್ಕ ನೋಡಿ. ಮಾರ್ಚ್ ಕೊನೆಯಲ್ಲಿ ಮಾಡಿಸಿದರೆ ಆ ಮಳೆಗಾಲದ ಔಷಧಿ ಬೇರೆಯವರೇ ಹೊಡೆಯಬೇಕು, ನವೆಂಬರ್ ಕೊಯ್ಲಿಗೆ ಕೈ ಬಂದೀತು.

#32 ಅಡಿಕೆಪಟ್ಟಿ, ಶಿರಸಿ
ಉಪಕಾರವಾಯ್ತು. ಇನ್ನೊಂದೇ ಪ್ರಶ್ನೆ: ಬಾವಿ ನೀರು ಸೇದಬಹುದಾ? ರಾಟೆ ತಲೆಗಿಂತ ಮೇಲಿದೆ.

#33 ಭುಜಂಗಾಸನ, ಕುಮಟಾ
ಕೊಡಪಾನ ಎಷ್ಟು ಲೀಟರಿನದ್ದು?

#34 ಅಡಿಕೆಪಟ್ಟಿ, ಶಿರಸಿ
ಹತ್ತು ಹನ್ನೆರಡು.

#35 ಭುಜಂಗಾಸನ, ಕುಮಟಾ
ಐದು ಲೀಟರಿನದ್ದಕ್ಕೆ ಇಳಿಸಿ, ಹಗ್ಗವನ್ನು ಹಣೆಯ ಮಟ್ಟದಿಂದ ಕೆಳಗೆ ಹಿಡಿದು ಸಣ್ಣ ಸಣ್ಣ ಎಳೆತದಲ್ಲಿ ಸೇದಿ. ಕೊಡ ಮೇಲೆ ಬಂದಮೇಲೆ ಕೈ ಉದ್ದ ಚಾಚಿ ಎಳೆದುಕೊಳ್ಳಬೇಡಿ, ಕಟ್ಟೆಗೆ ಹತ್ತಿರ ಹೋಗಿ ಒಳ್ಳೆಯ ಕೈಯಲ್ಲಿ ಇಳಿಸಿ.

#36 ಒಗ್ಗರಣೆ, ಅಂಕೋಲಾ
ಅಥವಾ ಪಂಪ್ ಹಾಕಿಸಿ. ಕರೆಂಟ್ ಇದ್ದ ದಿನ ಸೇದಬೇಕಾಗಿಲ್ಲ, ಇಲ್ಲದ ದಿನ ವ್ಯಾಯಾಮ.